ಪೇಷೆಂಟ್ ಕಡೆಯವರು ಯಾರ್ರೀ?

"ಪೇಷೆಂಟ್ ಕಡೆಯವರು ಯಾರ್ರೀ?" ವಾರ್ಡಿನ ಬಾಗಿಲಲ್ಲಿ ನಿಂತು ದಿನಕ್ಕೆ ಎಷ್ಟು ಸಲ ಹೀಗೆ ಕೂಗುತ್ತೇನೋ ಲೆಕ್ಕವಿಲ್ಲ. ಬಳ್ಳಾರಿಯಲ್ಲಿ ಹೃದಯದ ವಾರ್ಡಿನ ಸ್ಟಾಫ್ ನರ್ಸ್ ಆಗಿ ನನಗೆ 14 ವರ್ಷ ಆಯಿತು. ಮೊದಲ ನಾಲ್ಕೈದು ವರ್ಷ ಹೀಗೆ ಕೂಗುತ್ತಿದ್ದದ್ದು ಮೂರೇ ಕೆಲಸಕ್ಕೆ. ಔಷಧಿ ಚೀಟಿ ಕೊಡುವುದು, ಸಹಿ ಹಾಕಿಸಿಕೊಳ್ಳುವುದು, ಗುಂಪು ಸೇರಿದ್ದರೆ ಹೊರಗೆ ಕಳಿಸುವುದು.

ಈಗ ಬೇರೆ ಕೆಲಸಕ್ಕೆ ಕರೆಯುತ್ತೇನೆ. ಹಾರ್ಟ್ ಅಟ್ಯಾಕ್ ಆದವರು ನಮ್ಮ ಹತ್ತಿರ ಇರುವುದು ನಾಲ್ಕೈದು ದಿನ. ಆಮೇಲೆ ವರ್ಷಗಟ್ಟಲೆ ಅವರನ್ನು ನೋಡಿಕೊಳ್ಳುವುದು ಮನೆಯವರು. ಆ ನಾಲ್ಕೈದು ದಿನದಲ್ಲಿ ಮನೆಯ ಒಬ್ಬರನ್ನಾದರೂ ನನ್ನ ಜೊತೆ ಕೆಲಸಕ್ಕೆ ಹಚ್ಚಿಕೊಳ್ಳದಿದ್ದರೆ ನಾನು ಮಾಡಿದ್ದು ಅರ್ಧ ಕೆಲಸ. ಇದನ್ನು ನರ್ಸಿಂಗ್ ಪುಸ್ತಕದಲ್ಲಿ ಓದಿಯೇ ಇದ್ದೆ. ಆದರೆ ಮನಸ್ಸಿಗೆ ನಾಟಿದ್ದು ನನ್ನಿಂದಲೇ ಒಂದು ತಪ್ಪಾದ ಮೇಲೆ.

ಆಗ ನಾನು ಬೇರೊಂದು ಆಸ್ಪತ್ರೆಯಲ್ಲಿದ್ದೆ. ಸಂಡೂರು ಕಡೆಯ ಒಬ್ಬ ಲಾರಿ ಡ್ರೈವರ್, ವಯಸ್ಸು ಐವತ್ತರ ಹತ್ತಿರ. ಅಟ್ಯಾಕ್ ಆಗಿ ಬಂದರು, ಕಟ್ಟಿಕೊಂಡ ರಕ್ತನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಹಾಕಿದರು. (ನಮ್ಮ ಜನ ಅದನ್ನು 'ಸ್ಟಂಟ್' ಅಂತಾರೆ. ನಾನೂ ಅವರ ಜೊತೆ ಹಾಗೇ ಅನ್ನುತ್ತೇನೆ.) ಡಿಸ್ಚಾರ್ಜ್ ದಿನ ಬೆಂಗಳೂರಿನಿಂದ ಬಂದಿದ್ದ ಮಗ ಮುಂದೆ ನಿಂತಿದ್ದ. ಓದಿದ ಹುಡುಗ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ, ಚೀಟಿಯ ಫೋಟೊ ಹೊಡೆದುಕೊಂಡ. ಹಿಂದೆ ಗೋಡೆಗೆ ಒರಗಿ ತಾಯಿ ನಿಂತಿದ್ದರು, ಕೈಯಲ್ಲಿ ಬುತ್ತಿಯ ಚೀಲ. ಅವರ ಕಡೆ ನಾನು ತಿರುಗಿ ಕೂಡ ನೋಡಲಿಲ್ಲ.

ಮಗ ಎರಡು ದಿನ ಇದ್ದು ಬೆಂಗಳೂರಿಗೆ ಹೋದ. ಚೀಟಿಯ ಫೋಟೊ ಅವನ ಫೋನಿನಲ್ಲಿ ಹೋಯಿತು. ಹದಿನೈದು ದಿನಕ್ಕೆ ಕೊಟ್ಟಿದ್ದ ಗುಳಿಗೆ ಮುಗಿದವು. ಕೋರ್ಸ್ ಮುಗಿಯಿತು ಎಂದು ತಾಯಿ ತಿಳಿದುಕೊಂಡರು. ಜ್ವರದ ಗುಳಿಗೆ ಮುಗಿದರೆ ಮುಗಿಯಿತು ಅಂತಲೇ ಅಲ್ವಾ ಅರ್ಥ? ಆದರೆ ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಗುಳಿಗೆ ಕೊಟ್ಟಿರುತ್ತಾರೆ. ಆಸ್ಪಿರಿನ್ ಒಂದು, ಕ್ಲೋಪಿಡೋಗ್ರೆಲ್ ಅಥವಾ ಅದೇ ಜಾತಿಯದು ಇನ್ನೊಂದು. ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು. ಆಮೇಲೂ ಒಂದು ಮುಂದುವರಿಯುತ್ತದೆ. ಡಾಕ್ಟರ್ ಹೇಳದೆ ಒಂದು ದಿನವೂ ಬಿಡುವಂತಿಲ್ಲ. ಹೊಸ ಸ್ಟೆಂಟಿನ ಒಳಗೇ ರಕ್ತ ಗಟ್ಟಿಯಾದರೆ ಮತ್ತೆ ಅಟ್ಯಾಕ್, ಅದೂ ದೊಡ್ಡದು.

ಇಪ್ಪತ್ತೆರಡನೇ ದಿನ ಅವರು ವಾಪಸ್ ಬಂದರು. ಜೀವ ಉಳಿಯಿತು. ಆದರೆ ಹೃದಯದ ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 30ಕ್ಕೆ ಇಳಿದಿತ್ತು. ಮತ್ತೆ ಅವರು ಲಾರಿ ಹತ್ತಲಿಲ್ಲ. ಆ ತಾಯಿ ಜಗಳ ಮಾಡಲಿಲ್ಲ. "ನನಗೊಂದು ಮಾತು ಹೇಳಿದ್ರ ಆಗ್ತಿತ್ತಲ್ಲವ್ವಾ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವತ್ತಿನಿಂದ ನಾನು ಪಾಲಿಸುವ ಮೊದಲ ನಿಯಮ ಇದು: ಮಾತಾಡುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಡಾಕ್ಟರ್ ರೌಂಡ್ಸಿಗೆ ಬಂದಾಗ ಮುಂದೆ ಬರುವವರು ಮಗ, ಅಳಿಯ, ಊರಿನ ಹಿರಿಯರು, ಇಲ್ಲವೇ ಯಾರೋ ಮೆಂಬರ್. ಗುಳಿಗೆ ಕೊಡುವವರು, ಅಡಿಗೆ ಮಾಡುವವರು, ರಾತ್ರಿ ಪಕ್ಕದಲ್ಲಿ ಮಲಗಿ ಉಸಿರಾಟ ಕೇಳಿಸಿಕೊಳ್ಳುವವರು ಹೆಂಡತಿ, ಸೊಸೆ, ಒಮ್ಮೊಮ್ಮೆ ಹೈಸ್ಕೂಲು ಓದುವ ಮೊಮ್ಮಗಳು. ಹಾಗಾಗಿ ಅಡ್ಮಿಟ್ ಆದ ಮೊದಲ ದಿನವೇ ಮೂರು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಅಡಿಗೆ ಯಾರದು? ಗುಳಿಗೆ ಯಾರು ಕೊಡ್ತೀರಿ? ರಾತ್ರಿ ಇವರ ಹತ್ತಿರ ಯಾರು ಮಲಗ್ತೀರಿ? ಮೂರಕ್ಕೂ ಒಂದೇ ಉತ್ತರ ಬಂದರೆ ಅವರೇ ನನ್ನ ಜೊತೆಗಾರರು. ಕೇಸ್ ಶೀಟಿನ ಮೂಲೆಯಲ್ಲಿ ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳುತ್ತೇನೆ. ಡ್ಯೂಟಿ ಬದಲಾದಾಗ ಮುಂದಿನವರಿಗೂ ಅದನ್ನು ಹೇಳಿಯೇ ಹೋಗುತ್ತೇನೆ.

ಗಂಡಸರಿಗೆ ಇದರಿಂದ ಬೇಜಾರಾಗುವುದುಂಟು. "ಆಕೀಗೇನು ತಿಳಿತೈತ್ರಿ, ನನಗ ಹೇಳ್ರಿ" ಅನ್ನುತ್ತಾರೆ. ನಿಮಗೂ ಹೇಳ್ತೀನಿ ಅಣ್ಣ, ಮೊದಲು ಅಕ್ಕನಿಗೆ ಎಂದು ಇಬ್ಬರನ್ನೂ ಕೂರಿಸಿಕೊಳ್ಳುತ್ತೇನೆ. ಕಲಿಯುವುದರಲ್ಲಿ ಆಕೆ ಯಾವತ್ತೂ ಹಿಂದೆ ಬಿದ್ದದ್ದು ನಾನು ನೋಡಿಲ್ಲ.

ಸಿಸಿಯು, ಅಂದರೆ ಹೃದಯ ರೋಗಿಗಳ ಐಸಿಯು, ಅದರ ಒಳಗೆ ಮನೆಯವರನ್ನು ಬಿಡುವ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಾಗಿದ್ದೆ. ಸೋಂಕು ಆಗುತ್ತದೆ, ಅಳುತ್ತಾರೆ, ರೋಗಿಯ ಬಿಪಿ ಏರುತ್ತದೆ ಎಂದೇ ನಂಬಿದ್ದೆ. 2006ರಲ್ಲಿ ಇಟಲಿಯ ಫ್ಲಾರೆನ್ಸಿನ ಡಾಕ್ಟರುಗಳು ಒಂದು ಅಧ್ಯಯನ ಪ್ರಕಟಿಸಿದ್ದರು. ಎರಡು ವರ್ಷ, 226 ರೋಗಿಗಳು. ಎರಡು ತಿಂಗಳು ಐಸಿಯು ಬಾಗಿಲು ಮನೆಯವರಿಗೆ ತೆರೆದಿಡುವುದು, ಮುಂದಿನ ಎರಡು ತಿಂಗಳು ಮೊದಲಿನ ಹಾಗೆ ಬಿಗಿ ಮಾಡುವುದು, ಹೀಗೆ ಸರದಿಯ ಮೇಲೆ ನೋಡಿದರು. ಬಾಗಿಲು ತೆರೆದಾಗ ಕೋಣೆಯಲ್ಲಿ ರೋಗಾಣು ಜಾಸ್ತಿ ಸಿಕ್ಕವು ನಿಜ. ಆದರೆ ರೋಗಿಗಳಿಗೆ ಸೋಂಕು ಜಾಸ್ತಿ ಆಗಲಿಲ್ಲ. ಹೃದಯದ ತೊಂದರೆಗಳು ಮಾತ್ರ ಬಿಗಿ ಮಾಡಿದ್ದ ತಿಂಗಳುಗಳಲ್ಲಿ ಸುಮಾರು ಎರಡರಷ್ಟು ಆಗಿದ್ದವು. ನಮ್ಮ ಡಾಕ್ಟರೊಬ್ಬರು ಇದನ್ನು ಹೇಳಿದಾಗ ಅದು ಇಟಲಿ, ಇದು ಬಳ್ಳಾರಿ ಎಂದುಕೊಂಡೆ. ಆಮೇಲೆ ಒಂದು ರಾತ್ರಿ ಕಣ್ಣಾರೆ ನೋಡಿದೆ.

ಸಿರುಗುಪ್ಪ ಕಡೆಯ ಒಬ್ಬ ಅಜ್ಜ. ಎಂಬತ್ತು ದಾಟಿತ್ತು. ಸಿಸಿಯುದಲ್ಲಿ ಎರಡನೇ ರಾತ್ರಿ, ಹನ್ನೊಂದು ಗಂಟೆಯ ಹೊತ್ತಿಗೆ ಎದ್ದು ಕೂತರು. ಮಾನಿಟರಿನ ವೈರು ಕಿತ್ತರು, ಕೈಗೆ ಹಾಕಿದ್ದ ಸೂಜಿ ಎಳೆದರು. ರಕ್ತ ಹಾಸಿಗೆ ಮೇಲೆಲ್ಲ. "ಎತ್ತು ಹಸದಾವ, ಎತ್ತು ಹಸದಾವ" ಎಂದು ಒಂದೇ ಸಮನೆ ಕೂಗು. ವಯಸ್ಸಾದವರಿಗೆ ಐಸಿಯುದಲ್ಲಿ ಹೀಗೆ ಆಗುತ್ತದೆ. ಹಗಲು ರಾತ್ರಿ ಗೊತ್ತಾಗದ ಬೆಳಕು, ಯಂತ್ರಗಳ ಸದ್ದು, ನಿದ್ದೆ ಇಲ್ಲ, ಗುರುತಿನ ಮುಖವಿಲ್ಲ. ಕನ್ನಡಕ, ಹಲ್ಲಿನ ಸೆಟ್ಟು ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಟ್ಟಿರುತ್ತೇವೆ. ಕಣ್ಣು ಕಾಣದ ಮನುಷ್ಯನಿಗೆ ಅದು ಆಸ್ಪತ್ರೆ ಅಂತ ಹೇಗೆ ತಿಳಿಯಬೇಕು?

"ಅಜ್ಜಾ, ಇದು ಆಸ್ಪತ್ರೆ, ಮಲಗು" ಎಂದು ನಾನು ಹತ್ತು ಸಲ ಹೇಳಿದೆ. ಕೇಳಲಿಲ್ಲ. ಕೈ ಕಟ್ಟಬೇಕೇನೋ ಎಂದು ಬಟ್ಟೆ ಹುಡುಕುತ್ತಿದ್ದೆವು. ಡಾಕ್ಟರ್ ಮಾತ್ರ ಹೊರಗಿರುವ ಮಗನನ್ನು ಕರೆಯಿರಿ ಅಂದರು. ಮಗ ಕೈ ತೊಳೆದುಕೊಂಡು ಒಳಗೆ ಬಂದ. ಅಪ್ಪನ ಹೆಗಲ ಮೇಲೆ ಕೈ ಇಟ್ಟ. "ಯಪ್ಪಾ, ಮೇವು ಹಾಕಿ ನೀರು ಕುಡಿಸಿ ಬಂದೀನಿ. ಎರಡೂ ಮಲಗ್ಯಾವ. ನೀನೂ ಮಲಕ್ಕೋ." ಅಜ್ಜ ಅವನ ಮುಖ ನೋಡಿದರು. ಕೈ ಸಡಿಲ ಬಿಟ್ಟರು. ಮಗ ಜೇಬಿನಿಂದ ಕನ್ನಡಕ ತೆಗೆದು ಹಾಕಿದ. ಆಮೇಲೆ ನಿಧಾನಕ್ಕೆ "ಎದಿ ನೋವು ಬಂದಿತ್ತಲ್ಲಪ್ಪಾ, ಬಳ್ಳಾರಿ ದವಾಖಾನಿಗೆ ಬಂದೀವಿ, ಈಗ ರಾತ್ರಿ ಐತಿ" ಎಂದು ಹೇಳಿದ. ಹೊಸ ಸೂಜಿ ಹಾಕುವಾಗ ಅಜ್ಜ ಕೈ ಚಾಚಿದರು.

ಕಟ್ಟುವ ಬಟ್ಟೆ ಬೇಕಾಗಲಿಲ್ಲ, ನಿದ್ದೆಯ ಇಂಜೆಕ್ಷನ್ನೂ ಬೇಕಾಗಲಿಲ್ಲ. ಆ ಮನುಷ್ಯನಿಗೆ ಏನು ಹೇಳಬೇಕು ಎಂದು ನನಗೆ ಗೊತ್ತಿರಲಿಲ್ಲ, ಮಗನಿಗೆ ಗೊತ್ತಿತ್ತು. ಈಗ ವಯಸ್ಸಾದವರು ಬಂದರೆ ಕನ್ನಡಕ, ಕಿವಿ ಯಂತ್ರ, ಹಲ್ಲು ಒಳಗೇ ಇರಲಿ ಎನ್ನುತ್ತೇನೆ. ಡಾಕ್ಟರ್ ಒಪ್ಪಿದರೆ ರಾತ್ರಿ ಒಬ್ಬರನ್ನು ಪಕ್ಕದಲ್ಲಿ ಕೂರಿಸುತ್ತೇನೆ. ಕೈ ತೊಳೆಯುವುದು ಹೇಗೆ ಎಂದು ಬೇಸಿನ್ ಹತ್ತಿರ ನಿಂತು ತೋರಿಸಿಯೇ ಒಳಗೆ ಬಿಡುವುದು. ನೆಗಡಿ, ಜ್ವರ ಇದ್ದವರು ಮಾತ್ರ ಬೇಡ.

ಆಂಜಿಯೋಗ್ರಾಂ (ರಕ್ತನಾಳದೊಳಗೆ ನಳಿಕೆ ತೂರಿಸಿ ಹೃದಯದ ನಾಳ ನೋಡುವುದು), ಆಂಜಿಯೋಪ್ಲಾಸ್ಟಿ (ಕಟ್ಟಿಕೊಂಡ ನಾಳ ಬಿಡಿಸುವುದು) ಆದ ದಿನ ಮನೆಯವರಿಗೆ ಇನ್ನೊಂದು ಕೆಲಸ ಕೊಡುತ್ತೇನೆ. ಈಗ ಜಾಸ್ತಿ ಕೈಯ ರಕ್ತನಾಳದಿಂದಲೇ ಮಾಡುತ್ತಾರೆ. ಆದರೆ ತೊಡೆಸಂದಿಯಿಂದ ಮಾಡಿದ್ದರೆ ಡಾಕ್ಟರ್ ಹೇಳಿದಷ್ಟು ಗಂಟೆ ಕಾಲು ನೆಟ್ಟಗೆ ಇರಬೇಕು, ಮಡಚಬಾರದು, ಕೆಮ್ಮು ಬಂದರೆ ಪಟ್ಟಿಯ ಮೇಲೆ ಅಂಗೈ ಒತ್ತಿಕೊಳ್ಳಬೇಕು. ಇಷ್ಟು ಎಲ್ಲರೂ ಹೇಳುತ್ತಾರೆ. ನಾನು ತೋರಿಸುವುದು ಇನ್ನೊಂದು. ರಕ್ತ ಸೋರಿದರೆ ಮೇಲೆ ಕಾಣುವುದಿಲ್ಲ. ತೊಡೆಯ ಕೆಳಗೆ ಹರಿದು ಹಾಸಿಗೆಯಲ್ಲಿ ಇಂಗುತ್ತದೆ. ಮೇಲೆ ಹೊದಿಕೆ, ರೋಗಿಗೆ ನಿದ್ದೆ. ಅದಕ್ಕೆ ಅವರ ಕೈ ಹಿಡಿದು ರೋಗಿಯ ತೊಡೆಯ ಕೆಳಗೆ ತೂರಿಸಿ ತೋರಿಸುತ್ತೇನೆ. "ಅಕ್ಕ, ಕಾಲು ಗಂಟೆಗೊಮ್ಮೆ ಹೀಗೆ ಕೈ ಹಾಕು. ಬೆಚ್ಚಗೆ, ಒದ್ದೆ ಹತ್ತಿದರೆ ನನ್ನನ್ನು ಕೂಗು. ನಾನು ಬರುವ ತನಕ ಪಟ್ಟಿಯ ಮೇಲೆ ಜೋರಾಗಿ ಒತ್ತಿ ಹಿಡಿ." ನಾನೂ ನೋಡುತ್ತಲೇ ಇರುತ್ತೇನೆ. ಆದರೆ ರಾತ್ರಿ ಇಬ್ಬರು ನರ್ಸುಗಳು, ಇಪ್ಪತ್ತಕ್ಕೂ ಜಾಸ್ತಿ ಹಾಸಿಗೆ. ಒಮ್ಮೆ ಬೆಳಗಿನ ಜಾವ ಎರಡು ಗಂಟೆಗೆ ಹೀಗೆಯೇ ಒಬ್ಬ ಹೆಣ್ಣುಮಗಳು "ಸಿಸ್ಟರ್ರೀ!" ಎಂದು ಕಿರುಚಿದಳು. ನಾನು ಓಡಿ ಹೋಗುವಷ್ಟರಲ್ಲಿ ಎರಡೂ ಕೈಯಿಂದ ಗಂಡನ ತೊಡೆ ಒತ್ತಿ ಹಿಡಿದಿದ್ದಳು. ಬೆರಳಿನ ಸಂದಿಯಲ್ಲಿ ರಕ್ತ. ಕೈ ಬಿಡಲಿಲ್ಲ.

ಮೊದಲ ಸಲ ಎದ್ದು ನಡೆಯುವಾಗಲೂ ಅವರು ಬೇಕು. ಎರಡು ನಿಮಿಷ ಕಾಲು ಇಳಿಬಿಟ್ಟು ಮಂಚದ ಮೇಲೆ ಕೂರಿಸಿ, ತಲೆ ತಿರುಗದಿದ್ದರೆ ಮಾತ್ರ ಏಳಿಸಿ. ಬಾತ್‌ರೂಮಿನ ಚಿಲಕ ಒಳಗಿನಿಂದ ಹಾಕಿಸಬೇಡಿ. ಮಲಬದ್ಧತೆ ಇದ್ದರೆ ನಾಚಿಕೆ ಬಿಟ್ಟು ನಮಗೆ ಹೇಳಿ, ತಿಣುಕಿದರೆ ಹೃದಯಕ್ಕೆ ಭಾರ ಬೀಳುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ನೀರಿನ ಲೆಕ್ಕ. ಪಂಪಿಂಗ್ ಕಡಿಮೆಯಾದವರಿಗೆ ಕಾಲು ಬಾವು ಬರುತ್ತದೆ, ಮಲಗಿದರೆ ದಮ್ಮು ಹತ್ತುತ್ತದೆ. ಅಂಥವರಿಗೆ ಡಾಕ್ಟರ್ ಎಷ್ಟೋ ಸಲ ದಿನಕ್ಕೆ ಒಂದೂವರೆ ಲೀಟರ್ ದ್ರವ ಅಷ್ಟೇ ಎಂದು ಬರೆಯುತ್ತಾರೆ. ಬಳ್ಳಾರಿಯ ಮೇ ತಿಂಗಳಲ್ಲಿ ಒಂದೂವರೆ ಲೀಟರ್! ಬಿಸಿಲು ನಲವತ್ತು ದಾಟಿರುತ್ತದೆ, ಫ್ಯಾನಿನ ಗಾಳಿಯೂ ಬಿಸಿ. ನೋಡಲು ಬಂದ ನೆಂಟರೆಲ್ಲ ಎಳನೀರು ತರುತ್ತಾರೆ. ಎಳನೀರೂ ನೀರೇ. ಅದರಲ್ಲಿ ಪೊಟ್ಯಾಸಿಯಂ ಬೇರೆ ಇರುತ್ತದೆ, ಹೃದಯದ ಕೆಲವು ಗುಳಿಗೆಗಳ ಜೊತೆ ಅದು ರಕ್ತದಲ್ಲಿ ಏರಿದರೆ ಅಪಾಯ. "ನೀರು ಕಡಿಮೆ ಕೊಡಿ" ಎಂದು ಹೇಳಿ ಹೋದರೆ ಏನೂ ಆಗುವುದಿಲ್ಲ. ಕಡಿಮೆ ಅಂದರೆ ಎಷ್ಟು?

ಕುರುಗೋಡು ಕಡೆಯ ಒಬ್ಬ ಸೊಸೆಗೆ ನಾನು ಹೇಳಿಕೊಟ್ಟದ್ದು ಹೀಗೆ. ಬೆಳಗ್ಗೆ ಒಂದು ಲೀಟರಿನ ಬಾಟಲಿ ಒಂದು, ಅರ್ಧ ಲೀಟರಿನದು ಒಂದು ತುಂಬಿ ಇಡು. ಇವತ್ತಿನ ಪಾಲು ಅಷ್ಟೇ. ಮಾವ ನೀರು ಕೇಳಿದರೆ ಅದರಿಂದಲೇ ಕೊಡು. ಚಹಾ ಕುಡಿದರೆ, ಅಂಬಲಿ ಕುಡಿದರೆ, ಮಜ್ಜಿಗೆ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದುಬಿಡು. ಬಾಟಲಿ ಖಾಲಿಯಾದರೆ ದಿನದ ಲೆಕ್ಕ ಮುಗಿಯಿತು. ಎರಡನೇ ದಿನ ಆಕೆ ತನ್ನದೇ ಒಂದು ಉಪಾಯ ಸೇರಿಸಿದಳು. ದೊಡ್ಡ ಲೋಟ ತೆಗೆದಿಟ್ಟು ಚಹಾ ಅಂಗಡಿಯ ಸಣ್ಣ ಗಾಜಿನ ಗ್ಲಾಸು ತಂದಳು. ಸಣ್ಣ ಗ್ಲಾಸಾದರೂ ತುಂಬಿ ಕೊಟ್ಟರೆ ಮನಸ್ಸು ತುಂಬುತ್ತದಂತೆ. ಬಾಯಿ ಒಣಗಿದಾಗ ತಣ್ಣೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಿಸುತ್ತಿದ್ದಳು, ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಆ ಸಣ್ಣ ಗ್ಲಾಸಿನ ಮಾತು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ತೂಕ ನೋಡುವುದನ್ನೂ ಆಕೆಯೇ ಬಗೆಹರಿಸಿದಳು. ದಿನಾ ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಅದೇ ತರದ ಬಟ್ಟೆಯಲ್ಲಿ ತೂಕ ನೋಡಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ಸೇರಿದ ನೀರು, ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕು. ಮನೆಯಲ್ಲಿ ತೂಕದ ಯಂತ್ರ ಇದೆಯೇ ಎಂದು ಅನುಮಾನದಲ್ಲೇ ಕೇಳಿದೆ. "ಮೆಣಸಿನಕಾಯಿ ಚೀಲ ತೂಗೋ ಕಾಟಾ ಐತಲ್ಲಕ್ಕಾ" ಅಂದಳು. ಮುಂದಿನ ತಿಂಗಳು ಮಾವನ ತೂಕವನ್ನೆಲ್ಲ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಸಿಕೊಂಡು ಬಂದಿದ್ದಳು. ಡಾಕ್ಟರ್ ಆ ಹಾಳೆ ನೋಡಿಯೇ ಮೈಯ ನೀರು ಇಳಿಸುವ ಗುಳಿಗೆಯ ಡೋಸ್ ಬದಲಿಸಿದರು.

ಉಪ್ಪಿನದೂ ಹಾಗೆಯೇ. "ಉಪ್ಪು ಕಡಿಮೆ ತಿನ್ರಿ" ಅಂದರೆ ಎಲ್ಲರೂ "ಕಡಿಮೇನೇ ತಿಂತೀವ್ರಿ" ಅನ್ನುತ್ತಾರೆ. ನಾನು ಕೇಳುವುದು ಒಂದು ಕಿಲೋ ಪ್ಯಾಕೆಟ್ ಎಷ್ಟು ದಿನ ಬರುತ್ತದೆ ಎಂದು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ಐದು ಜನರ ಮನೆಗೆ ಕಿಲೋ ಪ್ಯಾಕೆಟ್ 40 ದಿನವಾದರೂ ಬರಬೇಕು. ಹದಿನೈದಿಪ್ಪತ್ತು ದಿನಕ್ಕೆ ಮುಗಿಯುತ್ತದೆ ಅಂದಾಗ ಅವರ ಮುಖದಲ್ಲೇ ಗೊತ್ತಾಗುತ್ತದೆ, ಲೆಕ್ಕ ತಿಳಿಯಿತು ಎಂದು. ನಮ್ಮ ಪುಣ್ಯಕ್ಕೆ ಜೋಳದ ರೊಟ್ಟಿಯ ಹಿಟ್ಟಿಗೆ ಬಹಳ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ. ರೊಟ್ಟಿ ತಿನ್ನಲಿ, ಪಲ್ಯ ತಿನ್ನಲಿ. ಪಕ್ಕದಲ್ಲಿ ಬೀಳುವ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿಪುಡಿ ಇವೇ ಕಳ್ಳರು. ಬೆಳಗ್ಗೆ ಪೇಪರಿನಲ್ಲಿ ಸುತ್ತಿಕೊಂಡು ಬರುವ ಒಗ್ಗರಣೆ ಮಿರ್ಚಿಯೂ ಅಷ್ಟೇ. ಎಷ್ಟೋ ಸಲ ಮಂಚದ ಕೆಳಗಿನಿಂದ ಅದರ ವಾಸನೆ ಬಂದು ನಾನೇ ಎತ್ತಿ ಹೊರಗಿಟ್ಟಿದ್ದೇನೆ. ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಡಾಕ್ಟರನ್ನು ಕೇಳದೆ ತರಬೇಡಿ.

ಹೆಣ್ಣುಮಕ್ಕಳು ರೋಗಿಯಾಗಿ ಬಂದಾಗ ನನ್ನ ಕೆಲಸ ಎರಡು ಪಟ್ಟು. ಮನೆಯಲ್ಲಿ ಎಲ್ಲರನ್ನೂ ನೋಡಿಕೊಳ್ಳುವವಳೇ ಹಾಸಿಗೆ ಹಿಡಿದರೆ ಅವಳನ್ನು ನೋಡಿಕೊಳ್ಳುವವರು ಯಾರು? ಆ ಮೂರು ಪ್ರಶ್ನೆಗೂ ಅವಳ ಹೆಸರೇ ಬರುತ್ತದೆ. ಬೈಪಾಸ್ ಮಾಡಿಸಿಕೊಂಡು ಬಂದಿದ್ದ ಒಬ್ಬಾಕೆಯ ಅತ್ತೆ ನನ್ನನ್ನು ಕೇಳಿದ್ದರು, "ಯಾವಾಗಿಂದ ರೊಟ್ಟಿ ಬಡೀಬಹುದವ್ವಾ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಮನೆ ನಡೆಯಬೇಕಲ್ಲ. ನಾನು ಗಂಡನನ್ನೂ ಕರೆದು ಕೂರಿಸಿದೆ. ಎದೆಯ ಎಲುಬು ಕೊಯ್ದು ತಂತಿಯಿಂದ ಕೂಡಿಸಿದ್ದಾರೆ, ಅದು ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯ ತನಕ ಕೊಡ ಎತ್ತುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ನೀರು ಯಾರು ತರುತ್ತೀರಿ, ಅಡಿಗೆ ಯಾರದು ಎಂದು ಅಲ್ಲೇ ಹೆಸರು ಹೇಳಿಸಿದೆ. ಗಂಡ "ನೀರು ನಾ ತರ್ತೀನ್ರಿ" ಅಂದ. ಹಾಸಿಗೆಯಲ್ಲಿದ್ದ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮನೆಗೆ ಹೋಗುವ ಮುಂಚೆ ಎದೆನೋವಿನ ಮಾತು ತಪ್ಪದೆ ಆಡುತ್ತೇನೆ. ನಮ್ಮ ಕಡೆ ಮೊದಲು ಗ್ಯಾಸ್ ಅಂತಾರೆ, ಸೋಡಾ ಕುಡಿಸುತ್ತಾರೆ, ಆಮೇಲೆ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೊರಡುತ್ತಾರೆ. ಮಾಡಬೇಡಿ. ರೋಗಿಯನ್ನು ಕೂರಿಸಿ, ಡಾಕ್ಟರ್ ಬರೆದುಕೊಟ್ಟಿದ್ದರೆ ನಾಲಿಗೆ ಕೆಳಗಿನ ಗುಳಿಗೆ ಇಡಿ, ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ನಿಂತಿದ್ದಾಗ ಆ ಗುಳಿಗೆ ಇಟ್ಟರೆ ಬಿಪಿ ಇಳಿದು ಬೀಳುತ್ತಾರೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆಯ್ದ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ್ದು ಯಾವುದು ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ ಎನ್ನುತ್ತೇನೆ. ಮಗ, ಮೊಮ್ಮಗ ಸಿಕ್ಕರೆ, ಹೃದಯ ನಿಂತಾಗ ಎದೆ ಒತ್ತುವುದು ಹೇಗೆ ಎಂದು ದಿಂಬಿನ ಮೇಲೆ ಮಾಡಿಸುತ್ತೇನೆ.

ಹೇಳುವುದಕ್ಕೂ ಮಾಡಿಸುವುದಕ್ಕೂ ಬಹಳ ವ್ಯತ್ಯಾಸ. ಗುಳಿಗೆಯ ವಿಷಯದಲ್ಲಂತೂ "ತಿಳೀತೇನ್ರಿ?" ಎಂದು ನಾನು ಕೇಳುವುದೇ ಇಲ್ಲ. ಎಲ್ಲರೂ ಹೂಂ ಅನ್ನುತ್ತಾರೆ. ಡಿಸ್ಚಾರ್ಜಿಗೆ ಎರಡು ದಿನ ಮೊದಲೇ ಗುಳಿಗೆಯ ಚೀಲ ಅವರ ಕೈಗೆ ಕೊಟ್ಟು, ನನ್ನ ಮುಂದೆಯೇ ತೆಗೆದು ಕೊಡಿ ಎನ್ನುತ್ತೇನೆ. ತಪ್ಪಿದರೆ ಅಲ್ಲೇ ತಿದ್ದಬಹುದು.

ಕಂಪ್ಲಿ ಕಡೆಯ ಒಬ್ಬ ಅಜ್ಜಿ ಇದ್ದರು. ಗಂಡನಿಗೆ ಸ್ಟೆಂಟ್ ಹಾಕಿತ್ತು, ಮನೆಯಲ್ಲಿ ಇವರಿಬ್ಬರೇ. ಅಜ್ಜಿಗೆ ಓದಲು ಬರುವುದಿಲ್ಲ. ಗುಳಿಗೆ ಆರು ತರ. ಗುಳಿಗೆಯ ಪಟ್ಟಿಯ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಟ್ಟೆ. ಅಜ್ಜಿ ನೋಡಿ "ನನ್ನ ಕಣ್ಣಿಗೆ ಎರಡೂ ಒಂದ ಕಾಣ್ತಾವ ತಂಗಿ" ಅಂದರು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿದ್ದ ಎಲೆ ಅಡಿಕೆ ಸಂಚಿ ಬಿಚ್ಚಿದರು. ಬಟ್ಟೆಯ ಸಂಚಿ, ಒಂದರ ಹಿಂದೆ ಒಂದು ಮೂರು ಮನೆ. ಎಲೆ, ಅಡಿಕೆ ಎಲ್ಲ ಮಂಚದ ಮೇಲೆ ಸುರಿದರು. ಸಂಚಿ ಕೊಡವಿದರು. "ಇದರಾಗ ಹಾಕಿಕೊಡು. ಮುಂದಿನ ಮನಿ ಬೆಳಗಿಂದು, ಹಿಂದಿನ ಮನಿ ರಾತ್ರೀದು. ಕತ್ತಲಾಗೂ ನನ್ನ ಕೈಗೆ ತಿಳಿತೈತಿ." ಪಟ್ಟಿಗಳನ್ನು ಬೆಳಗಿನದು ಬೇರೆ, ರಾತ್ರಿಯದು ಬೇರೆ ಮಾಡಿ, ಗುಳಿಗೆ ಹೊರಗೆ ತೆಗೆಯದೆ ಪಟ್ಟಿ ಸಮೇತ ಕತ್ತರಿಸಿ ತುಂಬಿಕೊಟ್ಟೆ. ನಡುವಿನ ಮನೆಯಲ್ಲಿ ನಾಲಿಗೆ ಕೆಳಗಿನದು. ಎರಡು ದಿನ ನನ್ನ ಮುಂದೆಯೇ ಗಂಡನಿಗೆ ತೆಗೆದು ಕೊಟ್ಟರು. ಒಂದೂ ತಪ್ಪಲಿಲ್ಲ. ಸಂಚಿಯಲ್ಲಿ ಗುಳಿಗೆ ತೆಳ್ಳಗಾಗುತ್ತಾ ಬಂತು ಅನ್ನಿಸಿದ ದಿನವೇ ಬರಬೇಕು, ಪೂರ್ತಿ ಖಾಲಿಯಾಗುವ ತನಕ ಕಾಯಬೇಡ ಎಂದು ಹೇಳಿ ಕಳಿಸಿದ್ದೆ.

ತಿಂಗಳಾಗುವ ಮೊದಲೇ ಇಬ್ಬರೂ ಬಸ್ ಹತ್ತಿ ಬಂದರು. ಅಜ್ಜಿ ಓಪಿಡಿಯಲ್ಲಿ ಸರದಿ ಬಿಟ್ಟು ನೇರ ವಾರ್ಡಿನ ಬಾಗಿಲಿಗೆ ಬಂದು, ಸಂಚಿಯನ್ನು ನನ್ನ ಅಂಗೈಯಲ್ಲಿಟ್ಟು ಒತ್ತಿದರು. "ಮೂರು ದಿನದ್ದು ಅದಾವ ನೋಡು. ನೀ ಹೇಳಿದಂಗ ಖಾಲಿ ಆಗೋಕ್ಕಿಂತ ಮೊದಲ ಬಂದೀನಿ. ತುಂಬಿಕೊಡು."